ಗಾಳೆವ್ವನಿಗೆ ಕಲಿಸಿದ್ದು

ಬಿಳಿ ನಾಯಿ ಧರ್ಮಣ್ಣನ ಕಾಲ ಬಳಿ ಸತ್ತು ಬಿದ್ದಿತ್ತು. ತೀರ ಚಿಕ್ಕ ನಾಯಿ; ಕೊರಳಿಗೆ ಕಟ್ಟಿದ್ದ ಗುಲಾಬಿ ರಿಬ್ಬನ್ನು ಹಾಗೆಯೇ ಇತ್ತು. ರಕ್ತ ಹೆಚ್ಚು ಬಂದಿರಲಿಲ್ಲ. ಅವನ ಬೇಟೆ ನಾಯಿ ಗಾಳೆವ್ವ ಅದನ್ನು ಪಾರ್ಕಿಂಗಿನ ಕಾರುಗಳ ನಡುವೆ ಬೆನ್ನಟ್ಟಿ, ಕತ್ತಿನ ಹಿಂಭಾಗದಲ್ಲಿ ಹಿಡಿದು, ಮೊಲವನ್ನು ಕೊಡವುವ ಹಾಗೆ ಒಂದೇ ಒಂದು ಸಲ ಕೊಡವಿತ್ತು. ಆಮೇಲೆ ಬಾಯಲ್ಲಿ ಮೆತ್ತಗೆ ಕಚ್ಚಿಕೊಂಡು ತಂದು ಅವನ ಮುಂದಿಟ್ಟು ತಲೆ ಎತ್ತಿ ನಿಂತಿತ್ತು. ಧರ್ಮಣ್ಣನ ಕೈ ತಾನಾಗಿಯೇ ಅದರ ಹಣೆ ಸವರಿತು. ಬೇಟೆ ತಂದ ನಾಯಿಯ ಹಣೆ ಸವರುವುದು ಅವನ ಕೈಗೆ ಎಳವೆಯಿಂದಲೂ ರೂಢಿಯಾಗಿತ್ತು. ಮೂರನೆಯ ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಬಿಳಿ ನಾಯಿಯ ಯಜಮಾನಿ ಅದನ್ನೂ ನೋಡಿದಳು.

ಸಂಜೆ ಹೌಸಿಂಗ್ ಸೊಸೈಟಿಯ ಆಫೀಸಿನಲ್ಲಿ ಜನ ಸೇರಿದಾಗ ಆಕೆ ಅಳುತ್ತ ಹೇಳಿದ್ದು ಅದನ್ನೇ. ನಾಯಿ ಕೊಂದಿತು, ಅದು ಪ್ರಾಣಿ. ಈ ವಾಚ್‌ಮನ್ ಅದಕ್ಕೆ ಶಾಬಾಶ್ ಅಂದ.

ಧರ್ಮಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

ಅವನು ಮುಧೋಳದ ಕಡೆಯವನು. ಅಲ್ಲಿನ ಬೇಟೆ ನಾಯಿಗಳು, ಆ ಸಣಕಲು ಸೊಂಟದ, ಉದ್ದ ಮೋರೆಯ ನಾಯಿಗಳು, ಅವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇದ್ದವು. ಸೋದರಮಾವ ರಾಮಪ್ಪ ಅವನಿಗೆ ಆ ವಿದ್ಯೆ ಕಲಿಸಿದ್ದ. ಮರಿಯ ಎದೆಗೂಡು ಹಿಡಿದು ನೋಡಿ ಓಡುವುದೋ ಇಲ್ಲವೋ ಹೇಳುವುದು, ಬೆಳಗಿನ ಇಬ್ಬನಿಯಲ್ಲಿ ಉಸುಕಿನ ಮೇಲೆ ನಡೆಸಿ ಅಂಗಾಲು ಗಟ್ಟಿ ಮಾಡುವುದು, ಓಡಿ ಬಂದ ನಾಯಿಯ ತೊಡೆಗೆ ಹರಳೆಣ್ಣೆ ತಿಕ್ಕುವುದು. ಮೊಲದ ಬೇಟೆ ಕಾನೂನಿಗೆ ಸಿಕ್ಕು ನಿಂತುಹೋದ ಮೇಲೆ ನಾಯಿ ಸಾಕುವವರು ಓಟದ ಪಂದ್ಯಕ್ಕೆ ಬಿದ್ದರು; ಧರ್ಮಣ್ಣ ಕಟ್ಟಡ ಕೆಲಸದ ಗುಂಪಿನ ಜೊತೆ ಮುಂಬಯಿಗೆ ಬಂದ. ಅವನನ್ನು ಸಿಮೆಂಟಿನಿಂದ ಬಿಡಿಸಿ ಘಾಟ್ಕೋಪರಿನ ಈ ಬಿಲ್ಡಿಂಗಿಗೆ ತಂದವನು ಇಲ್ಲಿಯೇ ಮನೆಯಿರುವ ಸಂದೀಪ. ಸಂದೀಪನ ತಂದೆ ಚೆನ್ನಯ ಶೆಟ್ಟರದು ಗ್ರಾಂಟ್ ರೋಡಿನಲ್ಲಿ ಹೋಟೆಲು. ಮಗನಿಗೆ ಹೋಟೆಲಿಗಿಂತ ಓಟದ ನಾಯಿಯ ಹುಚ್ಚು. ಸಾಂಗ್ಲಿಯ ಕಡೆಯ ಪಂದ್ಯವೊಂದನ್ನು ನೋಡಿ ಬಂದವನು ನಾಯಿ ಬೇಕು ಅಂದ, ನಾಯಿಯನ್ನು ಬಲ್ಲ ಮನುಷ್ಯನೂ ಬೇಕು ಅಂದ. ಹಾಗೆ ಧರ್ಮಣ್ಣನಿಗೆ ವಾಚ್‌ಮನ್ ಕೆಲಸ, ಪಂಪಿನ ಮನೆಗೆ ಹೊಂದಿಕೊಂಡ ಖೋಲಿ ಸಿಕ್ಕವು. ಊರಿಂದ ಹೆಂಡತಿ ಹಾಲವ್ವ ಬಂದಳು. ಬರುವಾಗ ಅವಳ ಸೆರಗಿನಲ್ಲಿ ರಾಮಪ್ಪ ಕೊಟ್ಟ ಹೆಣ್ಣುಮರಿ ಇತ್ತು.

ಗಾಳೆವ್ವ ಎಂದು ಹೆಸರಿಟ್ಟವಳು ಹಾಲವ್ವ. ಜೋಳದ ಅಂಬಲಿಗೆ ಹಾಲು ಬೆರೆಸಿ ಬೆರಳಲ್ಲಿ ನೆಕ್ಕಿಸಿ ಬೆಳೆಸಿದವಳೂ ಅವಳೇ. ಸಂದೀಪ ಅದನ್ನು ಇಂಗ್ಲಿಷಿನಲ್ಲಿ 'ಗೇಲ್', ಬಿರುಗಾಳಿ, ಎಂದು ಕರೆಯುತ್ತಿದ್ದ. ದಿನಾ ಬೆಳಗ್ಗೆ ಅವನ ಜೀಪಿನಲ್ಲಿ ಗೋರೆಗಾಂವ್‌ನ ಆಚೆಯ ಬಯಲಿಗೆ ಹೋಗಿ ಧರ್ಮಣ್ಣ ಅದನ್ನು ಓಡಿಸುತ್ತಿದ್ದ. ಅಲ್ಲಿ ಸಂದೀಪನ ಗೆಳೆಯನೊಬ್ಬನ ಮೋಟಾರ್ ಸೈಕಲ್ಲಿನ ಹಿಂದೆ ಹಗ್ಗದ ತುದಿಗೆ, ಮೊಲದ ಹಾಗೆ ಕುಪ್ಪಳಿಸುವ ತುಪ್ಪಳದ ಗಂಟು. ಅದರ ಬೆನ್ನಿಗೆ ಗಾಳೆವ್ವ. ಓಡುವಾಗ ಅದರ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಒಂದುಗೂಡಿ ಮತ್ತೆ ಬಿಚ್ಚಿಕೊಳ್ಳುವುದನ್ನು ನೋಡುತ್ತ ನಿಂತಾಗ ಧರ್ಮಣ್ಣನಿಗೆ ತಾನು ವಾಚ್‌ಮನ್ ಎಂಬುದು ಮರೆತುಹೋಗುತ್ತಿತ್ತು. ಕಳೆದ ವರ್ಷ ಬದ್ಲಾಪುರದ ಆಚೆ ನಡೆದ ಪಂದ್ಯದಲ್ಲಿ ಅದು ಮೊದಲು ಬಂತು. ಬಹುಮಾನದ ಕಪ್ ಗ್ರಾಂಟ್ ರೋಡಿನ ಹೋಟೆಲಿನ ಗಲ್ಲಾದ ಮೇಲೆ, ಗಣಪತಿಯ ಪಕ್ಕ ಕೂತಿತು.

ಆ ಸಂಜೆ ಸೊಸೈಟಿಯವರು ಹೇಳಿದ್ದು ಒಂದೇ ಮಾತು. ನಾಯಿ ಹೋಗಬೇಕು, ಇಲ್ಲವೇ ಮನುಷ್ಯರ ನಡುವೆ ಇರಲು ಕಲಿಯಬೇಕು.

ಮೀಟಿಂಗ್ ಮುಗಿದ ಮೇಲೆ ಸಂದೀಪ ಖೋಲಿಯ ಬಾಗಿಲಿಗೆ ಬಂದ. "ನೋಡು ಧರ್ಮಣ್ಣ, ಡ್ಯಾಡಿ ಗರಂ ಆಗಿದ್ದಾರೆ. ಪನ್ವೇಲ್ ಕಡೆ ಒಬ್ಬ ಇದ್ದಾನೆ, ಕಾಡುಹಂದಿ ಹಿಡಿಯೋದಕ್ಕೆ ನಾಯಿ ಬೇಕಂತೆ ಅವನಿಗೆ. ಕೊಟ್ಟುಬಿಡು ಅಂತಾರೆ."

ಹಂದಿಯ ಹಿಂದೆ ಬಿಟ್ಟ ಇಂಥ ನಾಯಿ ಎಷ್ಟು ದಿನ ಬದುಕುತ್ತದೆ ಎಂಬುದು ಧರ್ಮಣ್ಣನಿಗೆ ಗೊತ್ತಿತ್ತು. ಅದರ ಚರ್ಮ ಹಾಳೆಯಷ್ಟು ತೆಳು. ಕೋರೆಯ ಒಂದು ತಿವಿತಕ್ಕೆ ಹೊಟ್ಟೆ ಬಿಚ್ಚಿಕೊಳ್ಳುತ್ತದೆ.

"ಬ್ಯಾಡ್ರೀ ಸಾಹೇಬ್ರ. ನಾ ಕಲಸ್ತೀನಿ," ಅಂದ.

"ಏನು ಕಲಿಸ್ತಿ?"

"ಕುಂದರಾಕ ಕಲಸ್ತೀನಿ. ಕಣ್ಣ ಮುಂದ ಬೆಕ್ಕ ಹಾದು ಹೋದ್ರೂ ಏಳಬಾರದು, ಹಂಗ."

"ಮಾಡು ಮಾರಾಯ. ನೀನು ಮಾಡಿದ್ರೆ ಆಗ್ತದೆ," ಎಂದು ಸಂದೀಪ ಹಗುರಾಗಿ ಹೊರಟುಹೋದ.

ಅದು ಹೇಗೆ ಆಗುತ್ತದೆ ಎಂಬುದನ್ನು ಸಂದೀಪ ಕೇಳಲಿಲ್ಲ. ಧರ್ಮಣ್ಣನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಮನೆತನದಲ್ಲಿ ಯಾರೂ ನಾಯಿಗೆ ಓಡಬಾರದೆಂದು ಕಲಿಸಿದವರಲ್ಲ. ಆದರೆ ಓಟ ಎಲ್ಲಿ ಹುಟ್ಟುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಕಣ್ಣಲ್ಲಿ ಹುಟ್ಟಿ, ಕಿವಿಗೆ ಬಂದು, ಹಿಂಗಾಲಿನ ಮಾಂಸಖಂಡದಲ್ಲಿ ನಡುಗುತ್ತದೆ. ಆ ನಡುಕಕ್ಕೂ ಮೊದಲ ನೆಗೆತಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಇರುತ್ತದೆ. ಅಲ್ಲಿಯೇ ಹಿಡಿಯಬೇಕು.

ಕಟ್ಟಡದ ಹಿಂಭಾಗದಲ್ಲಿ ನೀರಿನ ಟ್ಯಾಂಕಿಗೂ ಗೋಡೆಗೂ ನಡುವೆ ಉದ್ದನೆಯ ಖಾಲಿ ಜಾಗವಿತ್ತು. ಕ್ರಾಫರ್ಡ್ ಮಾರ್ಕೆಟ್ಟಿನಿಂದ ಮೊಲ ತಂದ. ಗಾಳೆವ್ವನ ಕೊರಳಿಗೆ ಹಗ್ಗ ಹಾಕಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದ. "ಕುಂದ್ರು" ಅಂದ. ಮೊಲವನ್ನು ಬಿಟ್ಟ. ಗಾಳೆವ್ವ ನೆಗೆಯಿತು; ಪೂರ್ತಿ ವೇಗ ಕೂಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಹಗ್ಗ ಮುಗಿಯಿತು. ಅದು ಗಾಳಿಯಲ್ಲಿ ತಿರುಗಿ ಬೆನ್ನ ಮೇಲೆ ಬಿತ್ತು. ಎದ್ದು, ಏನಾಯಿತೆಂದು ತಿಳಿಯದೆ ಅವನ ಹತ್ತಿರವೇ ಓಡಿಬಂದು ಮೊಣಕಾಲಿಗೆ ಮೋರೆ ಒತ್ತಿತು. ಧರ್ಮಣ್ಣ ಈ ಸಲ ಹಣೆ ಸವರಲಿಲ್ಲ. "ಕುಂದ್ರು" ಅಂದ. ಮೊಲವನ್ನು ಮತ್ತೆ ಬಿಟ್ಟ.

ದಿನಗಳು ಹಾಗೆ ಹೋದವು. ಗಾಳೆವ್ವನ ಕೊರಳ ಕೂದಲು ಉದುರಿ ಕೆಂಪಗಾಯಿತು. ಹಾಲವ್ವ ಅದಕ್ಕೆ ಅರಿಸಿನ ಕಲಸಿ ಹಚ್ಚುತ್ತಿದ್ದಳು. ಗಂಡನ ಮುಖ ನೋಡುತ್ತಿರಲಿಲ್ಲ.

"ಜೀವ ಉಳೀಲಿ ಅಂತ ಮಾಡಾಕತ್ತೀನಿ," ಅಂದ ಅವನು ಒಂದು ದಿನ.

"ಯಾರದು?"

"ಇದರದು. ಮತ್ಯಾರದು?"

ಹಾಲವ್ವ ಖೋಲಿಯ ಒಳಗೆ ಒಂದು ಸಲ ಕಣ್ಣಾಡಿಸಿದಳು. ಒಲೆ, ನೀರಿನ ಡ್ರಮ್ಮು, ಗೋಡೆಗೆ ತೂಗುಹಾಕಿದ ವಾಚ್‌ಮನ್ ಅಂಗಿ. "ಹಂಗಾರ ಹಂಗ ಅನ್ನು," ಅಂದು ಅರಿಸಿನದ ಬಟ್ಟಲು ತೊಳೆಯಲು ಎದ್ದಳು.

ಕೊನೆಗೆ ಒಂದು ಬೆಳಗ್ಗೆ ಧರ್ಮಣ್ಣ ಹಗ್ಗ ಬಿಚ್ಚಿ ಮೊಲವನ್ನು ಬಿಟ್ಟ. ಮೊಲ ಕುಪ್ಪಳಿಸಿ, ನಿಂತು, ಗಾಳೆವ್ವನ ಮುಂಗಾಲಿನ ಹತ್ತಿರವೇ ಹುಲ್ಲು ಮೂಸಿತು. ಗಾಳೆವ್ವ ಕುಳಿತೇ ಇತ್ತು. ಅದರ ಕಣ್ಣು ಮೊಲದ ಮೇಲಿರಲಿಲ್ಲ, ಧರ್ಮಣ್ಣನ ಮುಖದ ಮೇಲಿತ್ತು. ಅವನು ಬೇಕೆಂದೇ ತಡೆದು ತಡೆದು, "ನಡಿ" ಅಂದ. ಆಗ ಅದು ಎದ್ದು, ಬಾಲ ಮುದುರಿಕೊಂಡು ನಡೆಯಿತು. 'ನಡಿ' ಅನ್ನುವ ತನಕ ಏಳಬಾರದೆಂಬುದು ಅದಕ್ಕೆ ತಿಳಿದಿತ್ತು.

ಸೊಸೈಟಿಯವರು ನೋಡಿ ಮೆಚ್ಚಿದರು. ಮೂರನೆಯ ಮಹಡಿಯಾಕೆ ಮಾತ್ರ ಮೆಚ್ಚಲಿಲ್ಲ. ಮುಖ ತಿರುಗಿಸಿ ಲಿಫ್ಟಿಗೆ ಹೋದಳು. ಬೇರೆ ಮನೆಯವರು ತಮ್ಮ ನಾಯಿಗಳನ್ನು ಹಿಡಿದು ಬಂದು, "ಹಮಾರೇ ಕೋ ಭೀ ಸಿಖಾವೋ ಅಂಕಲ್," ನಮ್ಮದಕ್ಕೂ ಕಲಿಸಿ, ಅಂದರು. ಸೋಫಾ ಕಡಿಯುವ ನಾಯಿ, ಗಂಟೆ ಬಾರಿಸಿದರೆ ಬೊಗಳುವ ನಾಯಿ. ಧರ್ಮಣ್ಣ ಕಲಿಸಿದ. ಕೆಲಸ ಚೆನ್ನಾಗಿಯೇ ಆಗುತ್ತಿತ್ತು, ಅದು ಅವನಿಗೆ ಒಳಗೊಳಗೇ ಹೆಮ್ಮೆಯನ್ನೂ ಕೊಡುತ್ತಿತ್ತು. ಆ ಹೆಮ್ಮೆ ಗೊತ್ತಾದಾಗ ಬಾಯಿ ಕಹಿಯಾಗುತ್ತಿತ್ತು.

ಚಳಿಗಾಲ ಮುಗಿಯುತ್ತ ಬಂದಾಗ ಸಂದೀಪ ಬದ್ಲಾಪುರದ ಪಂದ್ಯದ ಮಾತೆತ್ತಿದ.

"ಸಾಹೇಬ್ರ, ಈಗ ಅದು ಓಡೂದಿಲ್ರಿ."

"ಯಾಕೆ ಓಡಲ್ಲ? ಹುಷಾರಾಗಿ ಉಂಟಲ್ಲ."

"ಓಡಬ್ಯಾಡ ಅಂತ ಕಲಿಸೇನಲ್ರಿ."

ಸಂದೀಪ ನಕ್ಕ. "ಅರೆ, ಕಂಪೌಂಡಲ್ಲಿ ಆಫ್, ಗ್ರೌಂಡಲ್ಲಿ ಆನ್. ನಿನ್ನ ಮಾತು ಎಷ್ಟು ಕೇಳ್ತದೆ ಅದು. ಓಡು ಅಂದ್ರೆ ಓಡ್ತದೆ."

ಧರ್ಮಣ್ಣ ಇನ್ನೊಂದು ಸಲ ಹೇಳಬಹುದಿತ್ತು. ಅದರ ಬದಲು ಗೋರೆಗಾಂವ್‌ನ ಬಯಲಿಗೆ ಮತ್ತೆ ಕರೆದುಕೊಂಡು ಹೋಗಿ ನೋಡಿದ. ಗಾಳೆವ್ವ ಗಂಟಿನ ಹಿಂದೆ ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ಅವನನ್ನು ನೋಡುತ್ತಿತ್ತು. ಒಂದೆರಡು ಬೆಳಗ್ಗೆ ಹಿಡಿತ ಬಿಟ್ಟು ಓಡಿತು ಕೂಡ. ಅರ್ಧ ಬಯಲು ದಾಟಿತು. ಆ ಅರ್ಧ ಬಯಲನ್ನು ನಂಬಿಕೊಂಡು ಅವನು ಸುಮ್ಮನಾದ. ಬೇರೆ ನಾಯಿಗಳು ಓಡುವುದನ್ನು ಕಂಡರೆ ರಕ್ತ ನೆನಪಿಸಿಕೊಂಡೀತು ಅಂದುಕೊಂಡ.

ಬದ್ಲಾಪುರದ ಆಚೆ ಭತ್ತ ಕೊಯ್ದ ಗದ್ದೆಗಳನ್ನು ಸಮ ಮಾಡಿ ಓಟದ ಪಟ್ಟಿ ಎಳೆದಿದ್ದರು. ಎರಡೂ ಕಡೆ ಜನ. ಕಬ್ಬಿನ ಹಾಲಿನ ಗಾಡಿ, ವಡಾಪಾವ್, ಮೈಕಿನಲ್ಲಿ ಮರಾಠಿ. ನಾಯಿಗಳ ಸಾಲಿನಲ್ಲಿ ಒಂದು ಟೆಂಪೋದ ಪಕ್ಕ ತಲೆಗೆ ಕೆಂಪು ಪಟಗ ಸುತ್ತಿದ ಮುದುಕನನ್ನು ಕಂಡು ಧರ್ಮಣ್ಣನ ಕಾಲು ನಿಂತಿತು. ರಾಮಪ್ಪ ಮಾವ. ಊರಿಂದ ತನ್ನ ನಾಯಿಗಳನ್ನು ಹೇರಿಕೊಂಡು ಬಂದಿದ್ದ.

"ಬಾರೋ ಧರ್ಮಾ. ನನ್ನ ಮರಿ ಎಲ್ಲೈತಿ?" ಎಂದು ಅವನು ಗಾಳೆವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ. ಎದೆಗೂಡು ಹಿಡಿದ, ತೊಡೆ ಒತ್ತಿದ, ಬೆನ್ನ ಮೇಲೆ ಕೈಯಾಡಿಸಿದ. "ಭೇಷ್ ಮಾಡೀಯೋ. ಹೋದ ವರ್ಸ ಇದು ಓಡಿದ್ದು ನಮ್ಮ ಕಡೀ ಮಂದಿ ಫೋನಿನಾಗ ನೋಡ್ಯಾರ. ನಮ್ಮ ಧರ್ಮಂದು ಅಂತ ನಾ ಎಲ್ಲಾರಿಗೂ ಹೇಳೀನಿ." ಕೊರಳಿನ ಬೋಳು ಜಾಗಕ್ಕೆ ಬಂದು ಅವನ ಬೆರಳು ನಿಂತವು. "ಇದೇನಿದು?"

"ಪಟ್ಟಿ ತಿಕ್ಕೇತಿ," ಅಂದ ಧರ್ಮಣ್ಣ. ಅಷ್ಟರಲ್ಲಿ ಮೈಕಿನಲ್ಲಿ ಸಂದೀಪನ ಹೆಸರು ಕೂಗಿದರು.

ಗೆರೆಯ ಮೇಲೆ ನಾಯಿಗಳನ್ನು ಹಿಡಿದು ನಿಂತರು. ಮೋಟಾರ್ ಸೈಕಲ್ ಗುಡುಗಿತು, ತುಪ್ಪಳದ ಗಂಟು ನೆಲಕ್ಕೆ ಬಡಿದು ಧೂಳೆಬ್ಬಿಸುತ್ತ ಹೊರಟಿತು. ಬಾವುಟ ಬಿತ್ತು. ಧರ್ಮಣ್ಣ ಕೈಬಿಟ್ಟು, "ಹಿಡೀ" ಎಂದು ಹಳೆಯ ಕೂಗು ಕೂಗಿದ.

ಉಳಿದ ನಾಯಿಗಳು ಹೋದವು. ಗಾಳೆವ್ವನ ಹಿಂಗಾಲು ನಡುಗಿತು. ಕಿವಿ ನಿಮಿರಿತು, ಮೈಯೆಲ್ಲ ಮುಂದಕ್ಕೆ ಬಾಗಿತು. ಆಮೇಲೆ, ಯಾರೋ ಮೇಲಿನಿಂದ ಒತ್ತಿದ ಹಾಗೆ, ಅದು ಗೆರೆಯ ಮೇಲೆ ನಿಧಾನವಾಗಿ ಕುಳಿತು, ತಲೆ ತಿರುಗಿಸಿ ಧರ್ಮಣ್ಣನ ಮುಖ ನೋಡಿತು. ಈಗ ಸರಿಯಾಯಿತೇ ಎಂದು ಕೇಳುವ ಹಾಗೆ.

"ಬಸಲೀ," ಅಂದ ಮೈಕಿನವನು. ಕೂತುಬಿಟ್ಟಿತು ಎಂಬ ಆ ಮಾತು ಜನರ ಬಾಯಿಗೆ ಬಿತ್ತು. ಎರಡೂ ಕಡೆಯಿಂದ "ಬಸಲೀ, ಬಸಲೀ" ಎಂದು ನಗುತ್ತ ಚಪ್ಪಾಳೆ ತಟ್ಟಿದರು. ಧರ್ಮಣ್ಣ "ನಡಿ, ನಡಿ" ಅಂದ. ಗಾಳೆವ್ವ ಎದ್ದು ಅವನ ಬಳಿಗೆ ನಡೆದು ಬಂತು. ನಗು ಇನ್ನೂ ಹೆಚ್ಚಾಯಿತು.

ಸಂದೀಪ ಗೆಳೆಯರ ನಡುವಿನಿಂದ ಬಂದ. ಮುಖ ಕಪ್ಪಿಟ್ಟಿತ್ತು. "ನನ್ನನ್ನು ಜೋಕರ್ ಮಾಡಿದಿ ನೀನು," ಅಂದ. ಕೂಗಾಡಲಿಲ್ಲ. "ಈ ನಾಯಿ ಇನ್ನು ಬಿಲ್ಡಿಂಗಲ್ಲಿ ಕಾಣಬಾರದು. ಇದನ್ನು ಏನು ಮಾಡ್ತಿಯೋ ಮಾಡು. ನೀನು ನಾಳೆ ಡ್ಯೂಟಿಗೆ ಬಾ." ಜೀಪು ಹತ್ತಿ ಹೋದ.

ಧರ್ಮಣ್ಣ ಹಗ್ಗ ಹಿಡಿದು ಟೆಂಪೋದ ನೆರಳಿಗೆ ಬಂದು ನಿಂತ. ರಾಮಪ್ಪ ಬೀಡಿ ಹಚ್ಚಿಕೊಂಡಿದ್ದ. ಗಾಳೆವ್ವನ ಕೊರಳನ್ನೇ ನೋಡುತ್ತಿದ್ದ.

"ಯಾರು ಕಲಿಸಿದ್ರೋ ಇದಕ ಕುಂದರಾಕ?"

"ನಾನ."

ರಾಮಪ್ಪ ಬೀಡಿಯನ್ನು ನೆಲಕ್ಕೆ ಒರೆಸಿ ಆರಿಸಿದ. "ಎಷ್ಟ ಚೊಲೋ ಕಲಿಸೀ," ಅಂದ. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಾಯಿಯನ್ನು ಬಲ್ಲವನು ಇನ್ನೊಬ್ಬ ಬಲ್ಲವನ ಕೆಲಸ ನೋಡಿ ಹೇಳಿದ ಮಾತಾಗಿತ್ತು. ಧರ್ಮಣ್ಣನಿಗೆ ಮಾವ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು ಅನ್ನಿಸಿತು.

"ಊರಿಗೆ ಒಯ್ತೀನಿ," ಅಂದ ರಾಮಪ್ಪ. "ಹೊಲ ಕಂಡ್ರ ಓಡೀತು. ಓಡದಿದ್ರ ಮರಿ ಹಾಕೀತು. ನೀನೂ ಬರ್ತಿ ಏನು?"

ಧರ್ಮಣ್ಣನಿಗೆ ನಾಳೆ ಬೆಳಗ್ಗೆ ಐದನೆಯ ಮಹಡಿಯವರ ನಾಯಿಗೆ ಬೊಗಳದಿರಲು ಕಲಿಸುವುದಿತ್ತು. "ಡ್ಯೂಟಿ ಐತಿ ಮಾವಾ," ಅಂದ.

ರಾಮಪ್ಪ ತಲೆಯಾಡಿಸಿ ಮುಂದಿನ ಸೀಟಿಗೆ ಹೋದ. ಧರ್ಮಣ್ಣ ಗಾಳೆವ್ವನನ್ನು ಎರಡೂ ಕೈಯಲ್ಲಿ ಎತ್ತಿದ. ಮೈ ಬಿಸಿಯಾಗಿತ್ತು, ಎದೆ ಡವಡವ ಬಡಿಯುತ್ತಿತ್ತು. ಟೆಂಪೋದೊಳಗೆ ಮಾವನ ನಾಯಿಗಳ ನಡುವೆ ಇಳಿಸಿ ಕೊರಳ ಹಗ್ಗ ಬಿಚ್ಚಿದ. ಅದು ಅವನ ಹಿಂದೆಯೇ ಜಿಗಿಯಲು ಮುಂದಾಯಿತು.

"ಕುಂದ್ರು," ಅಂದ.

ಕುಳಿತಿತು. ಅವನು ಹಿಂಬಾಗಿಲಿನ ಅರ್ಧ ಹಲಗೆಯನ್ನು ಎತ್ತಿ ಕೊಂಡಿ ಹಾಕಿದ. ಟೆಂಪೋ ಗದ್ದೆಯ ಬದುವಿನ ಮೇಲೆ ಕುಲುಕುತ್ತ ಹೊರಟಿತು. ಮಾವನ ನಾಯಿಗಳು ಒಂದರ ಮೇಲೊಂದು ಜೋಲಿಹೊಡೆದು, ಆಮೇಲೆ ಒಂದೊಂದಾಗಿ ಮಲಗಿದವು. ಗಾಳೆವ್ವ ಮಾತ್ರ ಮಲಗಲಿಲ್ಲ. ಧೂಳಿನಾಚೆಯಿಂದ ಅವನ ಬಾಯನ್ನೇ ನೋಡುತ್ತ ನೆಟ್ಟಗೆ ಕುಳಿತಿತ್ತು. ಟೆಂಪೋ ಇಟ್ಟಿಗೆ ಭಟ್ಟಿಯ ಹತ್ತಿರ ಹೆದ್ದಾರಿಗೆ ಹೊರಳಿದಾಗಲೂ ಅದು ಹಾಗೆಯೇ ಇತ್ತು.