ಅರ್ಧ ಪಗಾರ

ಬಿಜ್ಜರಗಿಯ ಮಲ್ಲಿನಾಥ ಸಾಹುಕಾರನ ದ್ರಾಕ್ಷಿ ತೋಟದಲ್ಲಿ ವಿಶಾಖಾ ಆ ವಾರವೆಲ್ಲ ಗಂಡ ಕುನಾಲನ ಪಕ್ಕದ ಸಾಲಿನಲ್ಲೇ ಕತ್ತರಿ ಹಿಡಿದು ಬಳ್ಳಿ ಸವರಿದ್ದಳು. ಅವನು ಚಹಾಕ್ಕೆ ಹೋದಾಗ, ಸವರಿದ ಕಡ್ಡಿಗೆ ಚಿಗುರು ಒಡೆಸುವ, ಕೈ ಉರಿಸುವ ಔಷಧವನ್ನೂ ಹಚ್ಚಿದ್ದಳು. ಶನಿವಾರ ಪಗಾರ ಕೊಡುವಾಗ ಕುನಾಲನಿಗೆ ದಿನಕ್ಕೆ ಏಳುನೂರು, ಅವಳಿಗೆ ಮುನ್ನೂರೈವತ್ತು.

"ಸಾವಕಾರ್ರ, ನಾನೂ ಅವರ ಸರೀಗಿ ಕೆಲಸಾ ಮಾಡೇನ್ರಿ."

"ಹೆಂಗಸರಿಗಿ ಅಷ್ಟ. ಒಂದ ಒಲಿ ಮ್ಯಾಗ ಬೇಯಿಸ್ಕೊಂಡು ತಿನ್ನೋರಿಗಿ ಎರಡು ಪೂರಾ ಪಗಾರ ಯಾತಕ್ಕ ಬೇಕ?"

"ಮತ್ತ ಆ ಕಡಿ ಸಾಲಿನ ಕಸ್ತೂರಿಗಿ ನಾನೂರು ಕೊಟ್ಟೀರಿ. ಆಕಿ ಹೆಂಗಸಲ್ಲೇನ್ರಿ?"

"ಆಕಿ ನಮ್ಮ ಪೈಕಿ, ನಮ್ಮ ಜಾತಿಯಾಕಿ."

ಅಂದುಬಿಟ್ಟ, ನಾಚಿಕೆಯಿಲ್ಲದೆ. ವಿಶಾಖಾಳ ಮೈಯೆಲ್ಲ ಉರಿದುಹೋಯಿತು. ಕುನಾಲ ಅವಳ ಸೆರಗು ಜಗ್ಗಿದ. "ಸುಮ್ಮಿರ ಬೇ, ಇದ್ದ ಕೆಲಸಾನೂ ಹೋದೀತು." ಸಾಹುಕಾರನಿಗಿಂತ ಗಂಡನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ಸೋಮವಾರ ಅವಳು ತೋಟಕ್ಕೆ ಹೋಗಲಿಲ್ಲ. ಅವಳ ಓಣಿಯ ಹೆಂಗಸರೂ ಹೋಗದೆ ರಸ್ತೆ ಬದಿಯ ಬೇವಿನ ನೆರಳಲ್ಲಿ ಕುಳಿತರು. ಔಷಧ ಹಚ್ಚುವುದು ಹೆಂಗಸರ ಕೆಲಸ; ಒಳಗೆ ಗಂಡಸರು ಸವರಿದ ಬಳ್ಳಿ ಔಷಧವಿಲ್ಲದೆ ನಿಂತಿತ್ತು. ತಡವಾದರೆ ಚಿಗುರು ಸಮನಾಗಿ ಒಡೆಯುವುದಿಲ್ಲ. ಅದು ಮಲ್ಲಿನಾಥನಿಗೂ ಗೊತ್ತು. ಔಷಧದ ಬಕೀಟನ್ನು ಕಸ್ತೂರಿಯ ಕೈಗಿಟ್ಟ. ಅವಳು ಅದನ್ನು ನೆಲಕ್ಕಿಟ್ಟು ಹೊರಗೆ ಬಂದಳು.

"ನೀ ಅವರ ಪೈಕಿ ಅಲ್ಲೇನು?" ವಿಶಾಖಾ ಕಟುವಾಗಿಯೇ ಕೇಳಿದಳು.

"ಪೈಕಿ ಅಂತ ಐವತ್ತು ರೂಪಾಯಿ ಜಾಸ್ತಿ ಕೊಟ್ಟಾನ. ಗಂಡಸರ ಸರೀಗಿ ಕೊಟ್ಟಾನೇನು?" ಎನ್ನುತ್ತ ಕಸ್ತೂರಿ ಪಕ್ಕದಲ್ಲೇ ಕುಳಿತಳು.

ಮಧ್ಯಾಹ್ನ ಮಲ್ಲಿನಾಥ ತಾನೇ ರಸ್ತೆಗೆ ಬಂದ. ಎಲ್ಲ ಹೆಂಗಸರಿಗೂ ನಾನೂರೈವತ್ತು, ಅದಕ್ಕಿಂತ ಒಂದು ಪೈಸೆ ಇಲ್ಲ ಅಂದ. ಮನೆಯಲ್ಲಿ ಮಕ್ಕಳಿದ್ದವರು ಒಬ್ಬೊಬ್ಬರಾಗಿ ಕೆಲಸಕ್ಕೆ ಎದ್ದರು. ವಿಶಾಖಾಳಿಗೆ ಅವರನ್ನು ಬೈಯಲಾಗಲಿಲ್ಲ. ಹಲ್ಲು ಕಚ್ಚಿಕೊಂಡು ತಾನೂ ಎದ್ದಳು.

ಸಂಜೆ ಕುನಾಲ ನಗುತ್ತ ಮನೆಗೆ ಬಂದ. "ನೂರು ಜಾಸ್ತಿ ಆತಲ್ಲ, ಗೆದ್ದಿ ಬಿಡು."

"ಗೆದ್ದಿನಾ? ನಿನ್ನ ಪೂರಾ ಪಗಾರಕ್ಕ ನೀ ಯಾವತ್ತರ ರಸ್ತಾದಾಗ ಕುಂತಿದ್ದಿಯೇನು? ನನ್ನ ಅರ್ಧಾ ಕಡದು ಕೊಡುವಾಗ ನನ್ನ ಸೆರಗು ಜಗ್ಗಿದಿ. ಅವನ ಅಂಗಿ ಹಿಡಿದು ಯಾಕ ಕೇಳಲಿಲ್ಲ?"

ವಿಶಾಖಾ ಅಂದು ಒಲೆ ಹಚ್ಚಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕಸ್ತೂರಿಯ ಮನೆಯ ಕಡೆ ನಡೆದಳು. ಮುಂದಿನ ಸವರಣಿಗೆ ಹೆಂಗಸರೇ ಸೇರಿ ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುವ ಮಾತು ಆಡುವುದಿತ್ತು. ಎಕರೆಗೆ ಗಂಡಸರ ರೇಟು ಬೇರೆ, ಹೆಂಗಸರ ರೇಟು ಬೇರೆ ಇರಲಿಲ್ಲ.