ಐದು ಗೆಣ್ಣಿನ ಮಂತ್ರದ ಕಡ್ಡಿ

ಮಾಣಿಕಪ್ಪನಂಥ ಹಟಮಾರಿ ಕೊಹಿನೂರು ಎಂಬ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ಮಾಣಿಕಪ್ಪ ಅವನ ಜೊತೆಗೂ ಮಾತು ಬಿಟ್ಟಿರುತ್ತಿದ್ದ. ಮೂರು ವರ್ಷದ ಹಿಂದೆ, ಹಿಂಗಾರಿ ಜೋಳ ಬಿತ್ತುವ ದಿನ, ಅವನು ಕೂರಿಗೆ ಹೂಡಿಕೊಂಡು ಹೊಲದಲ್ಲಿ ಮಗನಿಗಾಗಿ ಕಾದಿದ್ದ. ಮಗ ತುಳಜಾರಾಮ ಹೇಳದೆ ಕೇಳದೆ ಹುಮನಾಬಾದಿಗೆ ಹೋಗಿ, ಅಲ್ಲಿಂದ ಮುಂಬಯಿಯ ಹಾದಿ ಹಿಡಿದಿದ್ದ. ಅಂದಿನಿಂದ ಅಪ್ಪನ ಬಾಯಲ್ಲಿ ಮಗನ ಹೆಸರು ಬರಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮುಷ್ಕರವಾಗಿ, ಕೆಲಸ ಹೋಗಿ, ಮಗ ಬರಿಗೈಯಲ್ಲಿ ಊರಿಗೆ ಬಂದ ಮೇಲೂ ಬರಲಿಲ್ಲ.

ಒಂದೇ ಸೂರಿನ ಕೆಳಗಿದ್ದರೂ ಅಪ್ಪನ ಮಾತು ಸುತ್ತು ಹೊಡೆದು ಬರುತ್ತಿತ್ತು. "ಏ ಅಂಬುಬಾಯಿ, ಎತ್ತಿಗಿ ನೀರ ಕುಡಿಸಂತ ಅಂವಗ ಹೇಳು," ಎಂದು ಹೆಂಡತಿಗೆ ಹೇಳುತ್ತಿದ್ದ. ಆ 'ಅಂವ' ಮೊಳದಾಚೆ ಕೂತು ರೊಟ್ಟಿ ತಿನ್ನುತ್ತಿರುತ್ತಿದ್ದ. ಸೊಸೆ ಮೀರಾಬಾಯಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬೇಸರ ಬಂತು, ಅದರ ಬೆನ್ನಿಗೆ ಹೆದರಿಕೆ. ಗಂಡ ಮತ್ತೆ ಹೊರಡುವ ಮಾತಾಡತೊಡಗಿದ್ದ. ಮುಂಬಯಿ ಹತ್ತಿರದ ಭಿವಂಡಿಯಲ್ಲಿ ಮಗ್ಗದ ಕೆಲಸ ಸಿಗುತ್ತದಂತೆ.

"ಅಪ್ಪ ಒಂದ್ಸಲ ಇರು ಅಂದ್ರ ಇರ್ತೀನಿ," ಎಂದಿದ್ದ ಅವಳಿಗೆ. "ನನ್ನ ಮಾರಿ ನೋಡಿ ಮಾತಾಡಲ್ಲ ಅಂದ್ರ ಈ ಮನ್ಯಾಗ ನಾ ಯಾಕ ಇರ್ಲಿ?"

ಹತ್ತಿರ ಹತ್ತಿರ ಮೂರು ವರ್ಷ ಅವಳು ಗಂಡನಿಲ್ಲದ ಮನೆಯಲ್ಲಿ ಬಾಳಿದ್ದಳು. ಇನ್ನೊಮ್ಮೆ ಅದನ್ನು ಬಾಳುವ ಶಕ್ತಿ ಅವಳಲ್ಲಿರಲಿಲ್ಲ.

ತುಳಜಾರಾಮ ಮುಂಬಯಿಯಿಂದ ತಂದದ್ದೆಂದರೆ ಒಂದು ಆಟ ಮಾತ್ರ. ಅಲ್ಲಿನ ಬಾಡಿಗೆ ಚಾಳಿನ ಕೋಣೆಯಲ್ಲಿ ಜೊತೆಗಿದ್ದ ಹಡಗಿನ ಖಲಾಸಿಯೊಬ್ಬ ಕಲಿಸಿದ್ದು. ಒಬ್ಬ ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗೆ ಹೊಕ್ಕು ವೀರರಾಗಬೇಕು. "ಮುಂದ ಏನ ಮಾಡ್ತಿ?" ಎಂದು ಕಥೆಗಾರ ಕೇಳಿದರೆ, ಬಾಗಿಲು ಒಡೀತೀನಿ, ಮರ ಹತ್ತತೀನಿ, ಓಡಿ ಹೋಗ್ತೀನಿ, ಏನಾದರೊಂದು ಹೇಳಬೇಕು. ಹೊಡೆದಾಟ ಬಂದರೆ ಆರು ಕವಡೆ ಎಸೆಯಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಪೆಟ್ಟಿನ ಜೋರು ಅಷ್ಟು. ಪೆಟ್ಟಿಗೆ ಜೋರು ಸಾಲದಿದ್ದರೆ ಮಂತ್ರದ ಕಡ್ಡಿ ಉಂಟು. ಕೊಹಿನೂರಿನಲ್ಲಿ ಮಂತ್ರದ ಕಡ್ಡಿ ಎಲ್ಲಿಂದ ತರಬೇಕು? ಐದು ಗೆಣ್ಣಿನ ಜೋಳದ ದಂಟೇ ಕಡ್ಡಿಯಾಯಿತು, ಆಡುವವರಿಗೆ ತಲೆಗೊಂದು. ಒಂದು ಗೆಣ್ಣು ಮುರಿದರೆ ಪೆಟ್ಟಿಗೆ ಒಂದು ಕೂಡುತ್ತದೆ. ಮುರಿದ ಗೆಣ್ಣು ಹೋಯಿತೆಂದೇ ಲೆಕ್ಕ, ಹೊಸ ಕಡ್ಡಿ ಸಿಗುವುದಿಲ್ಲ. ಬೇರೆಯವರ ಪೆಟ್ಟಿಗೂ ಬಲ ಕೊಡಬಹುದು, ಆದರೆ ಅವರ ಹೆಸರನ್ನು ಬಾಯಿಬಿಟ್ಟು ಕರೆದು ಕೊಡಬೇಕು.

ಮಳೆ ಹಿಡಿದು ಹೊಲಕ್ಕೆ ಹೋಗಲಾಗದ ದಿನಗಳಲ್ಲಿ ಪಡಸಾಲೆಯಲ್ಲಿ ಆಟ ನಡೆಯುತ್ತಿತ್ತು. ಆಡುವವರು ಮೀರಾಬಾಯಿ, ಅತ್ತೆ ಅಂಬುಬಾಯಿ, ಪಕ್ಕದ ಮನೆಯ ದರ್ಜಿ ನಬೀಸಾಬ್. ಮಾಣಿಕಪ್ಪ ದೂರದಲ್ಲಿ ಬೆನ್ನು ತಿರುಗಿಸಿ ಹಗ್ಗ ಹೊಸೆಯುತ್ತಿದ್ದ. ಒಂದು ದಿನ ಕಥೆಯಲ್ಲಿ, ಊರಿಗೆ ಹತ್ತಿರದ ಕಲ್ಯಾಣದ ಕೋಟೆಯ ಕಾವಲಿಗಿದ್ದ ರಾಕ್ಷಸ ನಿದ್ದೆ ಹೋದ. ನಬೀಸಾಬ್ ಅವನನ್ನು ಎಬ್ಬಿಸಿ ಕುಸ್ತಿಗೆ ಕರೆಯುತ್ತೇನೆಂದ.

"ಥೂ ನಿನ್ನ!" ಮಾಣಿಕಪ್ಪ ಹಗ್ಗ ಎಸೆದು ಎದ್ದು ಬಂದ. "ಮಲಗಿದಾವ್ನ ಎಬ್ಬಸ್ತಾರೇನಲೇ? ಸರಿ ಆ ಕಡಿ, ನಾ ಕೂಡ್ತೀನಿ."

ಹಾಗೆ ಕೂತವನು ಮತ್ತೆ ಏಳಲಿಲ್ಲ. ಆಟದೊಳಗೆ ಪ್ರತಿಯೊಬ್ಬರೂ ಬೇರೆ ಹೆಸರು ಇಟ್ಟುಕೊಳ್ಳಬೇಕೆಂದರೆ, "ಅಪ್ಪ ಇಟ್ಟ ಹೆಸರಿಗಿ ಏನಾಗ್ಯಾದ?" ಎಂದು ಜಗಳಕ್ಕೆ ನಿಂತ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲೇ ವೀರರಾದರು. ಮಗನ ಜೊತೆಗಿನ ಮಾತು ಮಾತ್ರ ಅಲ್ಲೂ ಸುತ್ತು ದಾರಿಯಲ್ಲೇ: "ನಬೀ, ಮಾಣಿಕಪ್ಪ ಕೊಡ್ಲಿ ಬೀಸ್ತಾನಂತ ಹೇಳಪ." ಐದು ಗೆಣ್ಣಿನ ತನ್ನ ಕಡ್ಡಿಯನ್ನು ಅವನು ಒಮ್ಮೆಯೂ ಮುರಿಯಲಿಲ್ಲ. ಅವನಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೀರಾಬಾಯಿ ಕಂಡಕಂಡಲ್ಲಿ ಮುರಿದು ಖರ್ಚು ಮಾಡಿ, ಅವಳ ದಂಟಿನಲ್ಲಿ ಒಂದೇ ಗೆಣ್ಣು ಉಳಿದಿತ್ತು.

ದಸರೆ ಕಳೆಯಿತು, ಮಳೆ ನಿಂತಿತು, ನೆಲ ಬಿತ್ತನೆಗೆ ಹದಕ್ಕೆ ಬಂತು. ತುಳಜಾರಾಮ ಮರುದಿನದ ಬಸ್ಸಿಗೆ ಹೊರಡುವುದೆಂದು ಗಟ್ಟಿಯಾಯಿತು. ಅಪ್ಪ ಅದನ್ನು ಕೇಳಿಸಿಕೊಂಡು ಹಗ್ಗ ಹೊಸೆಯುತ್ತಲೇ ಇದ್ದ. ಮೀರಾಬಾಯಿಗೆ ಆ ಮುದುಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಂದು ಸಂಜೆ ಕೊನೆಯ ಆಟಕ್ಕೆ ಕೂತರು. ತಾನು ಹೋದ ಮೇಲೂ ಆಟ ನಿಲ್ಲಬಾರದೆಂದು ತುಳಜಾರಾಮ ಕಥೆ ಹೇಳುವ ಜಾಗವನ್ನು ನಬೀಸಾಬನಿಗೆ ಬಿಟ್ಟುಕೊಟ್ಟು, ಮೊದಲ ಸಲ ತಾನೂ ಆಡಲು ಕೂತ. ಅಧಿಕಾರ ಸಿಕ್ಕಿದ್ದೇ ತಡ ನಬೀಸಾಬ್ ತಹಶೀಲ್ದಾರನಾದ. ರಾಕ್ಷಸನನ್ನು ಎಬ್ಬಿಸಿದ, ಕೋಟೆಯ ಬಾಗಿಲು ಮುಚ್ಚಿಸಿದ, ಎದುರಿಗೆ ಸಿಕ್ಕ ತುಳಜಾರಾಮನನ್ನು ರಾಕ್ಷಸನ ಮುಷ್ಟಿಗೆ ಕೊಟ್ಟ.

"ಒಂದ ಪೆಟ್ಟು ಹೊಡೀಲಿಕ್ಕಿ ಮೌಕಾ ಅದ," ಎಂದ. "ಜೋರು ಒಂಬತ್ತ ಆದ್ರ ರಾಕ್ಷಸ ಖತಮ್. ಕಮ್ಮಿ ಆದ್ರ ನೀ ಖತಮ್. ಸತ್ತಾಂವ ಆಟಕ್ಕ ತಿರುಗಿ ಬರಂಗಿಲ್ಲ."

ತುಳಜಾರಾಮ ಎಸೆದ. ಮೂರೇ ಕವಡೆ ಬಾಯಿ ತೆರೆದವು. ಇಷ್ಟು ದಿನ ಬರೀ ಕಥೆ ಹೇಳಿದ ಅವನ ಹತ್ತಿರ ಕಡ್ಡಿಯಿಲ್ಲ, ಅಂಬುಬಾಯಿಯದು ಎಂದೋ ತೀರಿತ್ತು. ಎಲ್ಲರೂ ಮಾಣಿಕಪ್ಪನ ಕಡೆ ನೋಡಿದರು. ಅವನು ಸೊಸೆಯ ಕಡೆ ನೋಡಿದ.

"ನೀ ಮೊದಲ ಕೊಡವಾ. ನಿನ್ನದೊಂದ ಅದ."

ಮೀರಾಬಾಯಿ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು. "ನಾ ಹ್ಯಾಂಗ ಕೊಡ್ಲಿ ಮಾವಾರ? ಹೆಸರ ಕರೀಬೇಕಲ್ರಿ. ಗಂಡನ ಹೆಸರ ಅದ."

"ಒಡಪ ಹಾಕಿ ಹೇಳು," ಎಂದಳು ಅಂಬುಬಾಯಿ. ಗಂಡನ ಹೆಸರನ್ನು ಹೆಂಗಸರು ಪದ್ಯದೊಳಗೆ ಇಟ್ಟು ಹೇಳಿದರೆ ತಪ್ಪಿಲ್ಲ.

"ಒಂದೂ ನೆಪ್ಪ ಬರವಲ್ದ್ರಿ ಅತ್ತಿ."

ಸುಳ್ಳು ಅಂದರೆ ಶುದ್ಧ ಸುಳ್ಳು. ಊರಲ್ಲಿ ಯಾರ ಮದುವೆಯಾದರೂ ಒಡಪಿಗೆ ಮೀರಾಬಾಯಿಯೇ ಬೇಕು. ಅತ್ತೆ ಸೊಸೆಯ ಮುಖ ನೋಡಿ, ಏನೋ ತಿಳಿದವಳಂತೆ ಬಾಯಿ ಮುಚ್ಚಿಕೊಂಡಳು.

ಮಾಣಿಕಪ್ಪ ಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೆಮ್ಮಿದ. "ನಬೀ, ಅಂವಗ ಕೊಟ್ಟೀನಂತ ಬರ್ಕೋ."

"ಅಂವ ಅಂದ್ರ ಯಾರು?"

"ನನ್ನ ಮಗ."

"ಇಲ್ಲಿ ಮಗ ಅಂಬೋ ವೀರ ಯಾರೂ ಇಲ್ಲ ಮಾಣಿಕಪ್ಪ. ಹೆಸರ ಬೇಕು. ಜಲ್ದಿ ಹೇಳು, ರಾಕ್ಷಸ ಕಾಯಾಕತ್ಯಾನ."

ತುಳಜಾರಾಮ ನೆಲ ನೋಡುತ್ತಿದ್ದ. ಮೀರಾಬಾಯಿಗೆ ಗಂಡನ ಬಾಗಿದ ಕತ್ತು ಕಂಡು ಅಳು ಬಂತು. ಈ ಮುದುಕ ಈಗಲೂ ಮಗನ ಹೆಸರು ಅನ್ನದಿದ್ದರೆ ಇನ್ನೆಂದೂ ಅನ್ನುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು; ಅದಕ್ಕೇ ತನ್ನ ಗೆಣ್ಣನ್ನು ತಡೆದಿಟ್ಟಿದ್ದಳು.

ಕಟ್ ಎಂದು ಗೆಣ್ಣು ಮುರಿಯಿತು.

"ತುಳಜಾರಾಮ," ಎಂದ ಮಾಣಿಕಪ್ಪ. ಮೂರು ವರ್ಷ ಬಳಸದ ಹೆಸರು ಕೊನೆಗೂ ಹೊರಬಂತು. ಇನ್ನೊಂದು ಗೆಣ್ಣು ಮುರಿದ. "ತುಳಜಾರಾಮ, ತಗೋ." ಆಮೇಲೆ ತಡೆಯಲೇ ಇಲ್ಲ. ಪ್ರತಿ ಗೆಣ್ಣಿಗೂ ಒಮ್ಮೆ ಹೆಸರು ಕರೆದ, ಕೊನೆಯದಕ್ಕೆ "ತುಳಜ್ಯಾ" ಅಂದ. ಅದು ಮಗ ತೊಟ್ಟಿಲಲ್ಲಿದ್ದಾಗಿನ ಹೆಸರು. ಅಂಬುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೂರು ಐದು ಎಂಟು," ಎಂದ ನಬೀಸಾಬ್, ಮುಖ ಸಣ್ಣದು ಮಾಡಿ. "ಒಂದ ಕಮ್ಮಿ ಬಿತ್ತಲ್ಲೋ ದೋಸ್ತ."

ಮೀರಾಬಾಯಿ ತನ್ನ ಒಂಟಿ ಗೆಣ್ಣನ್ನು ಕೈಗೆತ್ತಿಕೊಂಡಳು.

"ಕಲ್ಯಾಣದ ಕೋಟಿಗಿ ಕಬ್ಬಿಣದ ಬಾಗಲ,
ತುಳಜಾರಾಮ ಮನ್ಯಾಗಿದ್ರ ನನಗಿಲ್ಲ ದಿಗಲ!"

ಗೆಣ್ಣು ಮುರಿಯಿತು. ರಾಕ್ಷಸ ಸತ್ತ. ನಬೀಸಾಬ್ ಚಪ್ಪಾಳೆ ತಟ್ಟಿದ. ಮಾಣಿಕಪ್ಪ ಮಾತ್ರ ಸೊಸೆಯನ್ನೇ ದಿಟ್ಟಿಸಿದ.

"ನೆಪ್ಪ ಇಲ್ಲಂದಿದ್ದಿ?"

"ಈಗ ಬಂತ್ರಿ ಮಾವಾರ," ಎಂದಳು. ಬೈಗುಳ ಬಿದ್ದರೆ ಬೀಳಲಿ ಎಂದು ಕಾದಳು.

ಬೈಗುಳ ಬೀಳಲಿಲ್ಲ. ಮಾಣಿಕಪ್ಪ ಮುರಿದ ತುಂಡುಗಳನ್ನು ಮಡಿಲಿನಿಂದ ಕೊಡವಿ, ಮಗನ ಎದುರಿಗೆ ಸರಿದು ಕೂತ. ಹೆಂಡತಿಯ ಕಡೆ ನೋಡಲಿಲ್ಲ, ನಬೀಸಾಬನ ಕಡೆಯೂ ನೋಡಲಿಲ್ಲ.

"ಆವತ್ತ ನೀ ಬರ್ತೀ ಅಂತ ಹೊತ್ತ ಮುಣಗೂತನಾ ಕಾಯ್ದೆ," ಎಂದ. "ಒಬ್ಬನ ಕೈಲಿ ಕೂರಗಿ ನಡಿಯಂಗಿಲ್ಲೋ ತುಳಜ್ಯಾ. ನನಗ ವಯಸ್ಸಾತು. ಹೋಗಬ್ಯಾಡ. ಇರು."

"ತಪ್ಪಾತು ಅಪ್ಪಾ," ಎಂದ ತುಳಜಾರಾಮ. "ಎಷ್ಟೊತ್ತಿಗಿ ಹೂಡೂದು?"

"ಕೋಳಿ ಕೂಗಿದ ಕೂಡ್ಲೆ."

ಮೀರಾಬಾಯಿ ಅಡುಗೆಮನೆಗೆ ಎದ್ದು ಹೋಗಿ, ಬಸ್ಸಿನ ದಾರಿಗೆಂದು ಕಟ್ಟಿಟ್ಟಿದ್ದ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ಪಡಸಾಲೆಗೆ ತಂದು ಎಲ್ಲರ ನಡುವೆ ಇಟ್ಟಳು.