ಅಕ್ಕನ ಹಾರ್ಡ್ ಡಿಸ್ಕಿಗೆ ತಪಾಸಣೆ

ಪಾಸ್‌ಪೋರ್ಟ್ ಫೋಟೋ ತೆಗೆಯುವ ಆ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಡಾಕ್ಟರ್. ಕೆಟ್ಟ ಪೆನ್‌ಡ್ರೈವ್, ಮುನಿಸಿಕೊಂಡ ಲ್ಯಾಪ್‌ಟಾಪ್ ಎಲ್ಲವೂ ಅವನ ಮೇಜಿಗೇ ಬರುತ್ತಿದ್ದವು. ಅವುಗಳಲ್ಲಿ ಗುಣವಾಗಿ ಹೋದವೆಷ್ಟು ಎಂದು ಯಾರೂ ಕೇಳಿರಲಿಲ್ಲ. ಕೇಳಲು ಬಾಯಿ ತೆರೆಯುವಷ್ಟು ಬಿಡುವನ್ನು ಅವನು ಯಾರಿಗೂ ಕೊಡುತ್ತಿರಲಿಲ್ಲ. ಗೋಡೆಗೆ ದಪ್ಪಕ್ಷರದ ಒಂದು ಹಾಳೆ ಅಂಟಿಸಿದ್ದ: 'ಮೊದಲು ನಕಲು, ಆಮೇಲೆ ತಪಾಸಣೆ.' ಬಂದವರಿಗೆಲ್ಲ ಅದನ್ನು ಬೆರಳಿಟ್ಟು ಓದಿಸುತ್ತಿದ್ದ.

ಒಂದು ಬೆಳಗ್ಗೆ ಅವನ ಅಕ್ಕ ಬಂದು, ಕರವಸ್ತ್ರದಲ್ಲಿ ಸುತ್ತಿದ ಹಾರ್ಡ್ ಡಿಸ್ಕನ್ನು ಮುಂದಿಟ್ಟಳು. ಭಾವ ತೀರಿಕೊಂಡು ವರ್ಷವಾಗಿತ್ತು. ಅವರ ಮುಖ, ಅವರ ದನಿ ಇರುವ ವಿಡಿಯೋಗಳೆಲ್ಲ ಅದೊಂದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಈಚೆಗೆ ತೆರೆಯಲು ತುಂಬ ಹೊತ್ತು ಹಿಡಿಯುತ್ತಿದೆ, ಸುಮ್ಮನೆ ಇನ್ನೊಂದಕ್ಕೆ ಹಾಕಿಕೊಡು ಎಂದಳು.

ಆ 'ಸುಮ್ಮನೆ' ಡಾಕ್ಟರ್‌ಗೆ ಹಿಡಿಸಲಿಲ್ಲ. ಸುಮ್ಮನೆ ನಕಲು ಮಾಡಲು ಇವನೇ ಬೇಕೆ? ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ತೆರೆದ. ಹಳದಿ ಬಣ್ಣದಲ್ಲಿ 'ಎಚ್ಚರಿಕೆ' ಎಂದು ಬಂತು. ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸಿ ನಕಲಿಗೆ ಕೂರುತ್ತಿದ್ದ. ನಮ್ಮ ಡಾಕ್ಟರ್ ಹುರುಪಿನಿಂದ ಕುರ್ಚಿ ಮುಂದೆಳೆದುಕೊಂಡು ವೇಗ ಅಳೆದ. ಸೆಕೆಂಡಿಗೆ ನೂರು ಎಂಬಿ ಓದಬೇಕಾದದ್ದು ನಲವತ್ತು ಓದುತ್ತಿತ್ತು. ಆ ವೇಗದಲ್ಲೂ ಎಲ್ಲ ವಿಡಿಯೋಗಳು ಮುಕ್ಕಾಲು ಗಂಟೆಯಲ್ಲಿ ಈಚೆ ಬಂದುಬಿಡುತ್ತಿದ್ದವು. ಅವನು ಐದು ಗಂಟೆ ಹಿಡಿಯುವ ಪೂರ್ಣ ತಪಾಸಣೆಯ ಗುಂಡಿ ಒತ್ತಿ, ಡಿಸ್ಕಿನೊಳಗೆ ತಟ್ಟೆ ಹೇಗೆ ತಿರುಗುತ್ತದೆಂದು ವಿವರಿಸತೊಡಗಿದ. ಅಕ್ಕ ಸರಿಯಾಗಿ ಆ ಹಾಳೆಯ ಕೆಳಗೇ ಕೂತಿದ್ದಳು.

ಎರಡನೆಯ ಗಂಟೆಗೆ ಡಿಸ್ಕು ಟಿಕ್ ಟಿಕ್ ಎಂದಿತು. ಪರದೆಯ ಮೇಲಿಂದ ಅದರ ಹೆಸರೇ ಮಾಯವಾಯಿತು. ಡಾಕ್ಟರ್‌ನ ಮಾತು ವಾಕ್ಯದ ನಡುವೆ ನಿಂತಿತು. ಅಂಗಡಿ ತೆರೆದ ಮೇಲೆ ಇದೇ ಮೊದಲು. ಅಕ್ಕ ತಲೆಯೆತ್ತಿ ಗೋಡೆಯ ಹಾಳೆ ಓದಿದಳು.

"ಇದು ಬೇರೆಯವರಿಗೆ ಮಾತ್ರಾನಾ?" ಎಂದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. ಕೇಬಲ್ ಕಿತ್ತು, ತಣ್ಣಗಾಗಲೆಂದು ಡಿಸ್ಕನ್ನು ಫ್ಯಾನಿನ ಕೆಳಗಿಟ್ಟು, ಒಂದು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂತ. ಫೋಟೋ ತೆಗೆಸಲು ಬಂದ ಇಬ್ಬರನ್ನು ಕೈಸನ್ನೆಯಲ್ಲೇ ವಾಪಸು ಕಳಿಸಿದ. ಮತ್ತೆ ಜೋಡಿಸಿದಾಗ ಡಿಸ್ಕು ಕಾಣಿಸಿತು, ಆದರೆ ವೇಗ ಸೆಕೆಂಡಿಗೆ ಒಂದೇ ಎಂಬಿ. ಇನ್ನೆಷ್ಟು ನಿಮಿಷ ಉಸಿರಾಡುತ್ತದೋ ಹೇಳುವಂತಿರಲಿಲ್ಲ. ಯಾವ ವಿಡಿಯೋ ಮೊದಲು ಬೇಕೆಂದು ಅಕ್ಕನನ್ನು ಕೇಳಿದ. ಮದುವೆಯದು ಎನ್ನುತ್ತಾಳೆ ಎಂದುಕೊಂಡಿದ್ದ.

"ಅಡುಗೆಮನೇದು," ಎಂದಳು ಅಕ್ಕ. "ಚಿಕ್ಕದಿದೆ ನೋಡು."

ಮೂವತ್ತು ಎಂಬಿ. ಮೊದಲು ಅದನ್ನೇ ನಕಲು ಮಾಡಿದ. ಅದರ ಬೆನ್ನಿಗೆ ಇನ್ನು ಮೂರು ಬಂದವು. ಮದುವೆಯದು ಅರ್ಧಕ್ಕೆ ಬರುವಷ್ಟರಲ್ಲಿ ಮತ್ತೆ ಟಿಕ್ ಟಿಕ್ ಶುರುವಾಗಿ ಡಿಸ್ಕು ನಿಂತೇ ಹೋಯಿತು. ಅಷ್ಟೊಂದು ವರ್ಷಗಳ ಭಾವನಲ್ಲಿ ಉಳಿದದ್ದು ನಾಲ್ಕು ತುಣುಕು. ತಪ್ಪು ನನ್ನದೇ ಎಂದ ಅವನು. ಅಕ್ಕ ಅಲ್ಲ ಎನ್ನಲಿಲ್ಲ, ಅಡುಗೆಮನೆಯದನ್ನು ಹಾಕಲು ಹೇಳಿದಳು.

ಪಾತ್ರೆ ಒರೆಸುತ್ತಿದ್ದ ಭಾವ ಕ್ಯಾಮೆರಾ ಕಡೆ ತಿರುಗಿದರು. "ತೆಗಿ, ಎಲ್ಲಾ ತೆಗಿ. ಡಿಸ್ಕಿಗೆ ಹಾಕಿಟ್ಕೋ. ಆದ್ರೆ ಅದನ್ನ ನಿನ್ನ ತಮ್ಮನ ಕೈಗೆ ಮಾತ್ರ ಕೊಡಬೇಡ. ಹುಡುಗ ಒಳ್ಳೇವನೇ. ಮೊದಲು ಭಾಷಣ ಮಾಡ್ತಾನೆ, ಆಮೇಲೆ ಕೆಲಸ."

ಅಕ್ಕ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅವನಿಗೆ ನಗು ಬರಲಿಲ್ಲ. ಆ ವಿಡಿಯೋದಲ್ಲಿ ಭಾವ ಏನು ಹೇಳಿದ್ದಾರೆಂದು ಚೆನ್ನಾಗಿ ಗೊತ್ತಿದ್ದೂ ಅವಳು ಡಿಸ್ಕನ್ನು ಅವನ ಕೈಗೇ ತಂದುಕೊಟ್ಟಿದ್ದಳು.

ಇನ್ನೊಂದು ಸಲ ಹಾಕು ಎಂದಳು. ಅವನು ಡ್ರಾಯರಿನಿಂದ ಹೊಸ ಪೆನ್‌ಡ್ರೈವ್ ತೆಗೆದ. ಅದರ ವೇಗ ಎಷ್ಟಿದೆ ನೋಡೋಣವೆಂದು ಕೈ ತುರಿಸಿತು. ನೋಡಲಿಲ್ಲ. ನಾಲ್ಕನ್ನೂ ಅದಕ್ಕೆ ಇಳಿಸಿ, ಅಕ್ಕನ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಭಾವನ ಬೈಗುಳವನ್ನು ಇನ್ನೊಮ್ಮೆ ಹಾಕಿದ.